ತೂಗಿದವಳು

ಫಾಲ್ ರಿವರ್ ಊರಿನ ಗ್ರಂಥಾಲಯದ ನೆಲಮಾಳಿಗೆ.
ಗಾಜಿನ ಪೆಟ್ಟಿಗೆಯೊಳಗೆ ಒಂದು ಹಳೆಯ ತಕ್ಕಡಿ.
ಮುಳ್ಳು ಸೊನ್ನೆಯಿಂದ ಕೂದಲೆಳೆ ಸರಿದು ನಿಂತಿದೆ.
ಒರೆಸಿಡುವುದು ನನ್ನ ಕೆಲಸ,
ಮಂಗಳವಾರ ಒಮ್ಮೆ, ಶುಕ್ರವಾರ ಒಮ್ಮೆ.

ಚೀಟಿಯಲ್ಲಿ ಹೆಸರು: ಓಡಿಲ್ ಥಿಬೋ.
ಮೊದಲ ದಿನ ನನ್ನ ಕಣ್ಣು ಓದಿದ್ದು ಕನ್ನಡದಲ್ಲೇ:
ಓಡಿಲ್ಲ.
ತಪ್ಪೇನೂ ಓದಿರಲಿಲ್ಲ.

ಕೆನಡಾದಿಂದ ಬಂದವರ ಕೇರಿ, ಮೂರಂತಸ್ತಿನ ಮರದ ಮನೆ,
ಮೇಲಿನ ಮಹಡಿಗೆ ಬಾಡಿಗೆ ಕಡಿಮೆ, ಮೆಟ್ಟಿಲು ಹೆಚ್ಚು.
ಗಿರಣಿಯ ಕದಿರುಗಳ ನಡುವೆ ಹದಿನಾಲ್ಕು ವರ್ಷ ನಿಂತು
ಕಿವಿ ಅರ್ಧ ಸತ್ತಿತ್ತು; ಅದಕ್ಕೇ ಕೂಗಿ ಮಾತಾಡುವಳು.
ಜಗಳಗಂಟಿ, ಅಂದರು ಜನ.

ಆ ಚಳಿಗಾಲ, ಶನಿವಾರದ ತನಕ ಬಾಳಬೇಕಾದ ಕಲ್ಲಿದ್ದಲು
ಗುರುವಾರವೇ ಮುಗಿಯಿತು.
ನೀನೇ ಜಾಸ್ತಿ ಉರಿಸಿದೆ, ಅಂದ ಗಂಡ.
ಈ ಸಲ ಚಳಿ ಜಾಸ್ತಿಯಮ್ಮ, ಅಂದರು ಪಾದ್ರಿ.
ಅಂಗಡಿಯ ಪೆಕಮ್ ಏನೂ ಅನ್ನಲಿಲ್ಲ,
ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದ.

ಹಸುಗೂಸನ್ನು ವಾರಕ್ಕೊಮ್ಮೆ ತೂಗಲೆಂದು
ಕೇರಿಯ ದಾದಿ ಬಿಟ್ಟುಹೋದ ತಕ್ಕಡಿ ಅದು.
ಕೂಸು ಜನವರಿ ದಾಟಲಿಲ್ಲ.
ತಕ್ಕಡಿಯನ್ನು ಯಾರೂ ವಾಪಸು ಕೇಳಲಿಲ್ಲ.

ಒಂದು ರಾತ್ರಿ ಹೊಸ ಚೀಲದ ಹೊಲಿಗೆ ಬಿಚ್ಚಿ
ಬಾಣಲೆ ಬಾಣಲೆಯಾಗಿ ತೂಗಿದಳು.

ನಮ್ಮ ಭಾಷೆಯಲ್ಲಿ
ತೊಟ್ಟಿಲನ್ನೂ ತೂಗುತ್ತೇವೆ, ತೊಗರಿಯನ್ನೂ ತೂಗುತ್ತೇವೆ.
ಅವಳ ಭಾಷೆಯಲ್ಲಿ ಅದಕ್ಕೆ ಎರಡು ಬೇರೆ ಮಾತು.
ಕೈ ಮಾತ್ರ ಒಂದೇ ಇತ್ತು.

ಬೆಳಗಾದ ಮೇಲೆ ಮೆಟ್ಟಿಲಿಳಿದಳು.
ಕೆಳಮನೆಯ ಚೀಲ ತೂಗಿದಳು, ಎದುರುಮನೆಯದು ತೂಗಿದಳು,
ಬಾಗಿಲು ತೆರೆಯದ ಪೋರ್ಚುಗೀಸರ ಬಾಗಿಲಲ್ಲಿ
ತೆರೆಯುವವರೆಗೂ ಕೂತಳು.
ಶಾಲೆಮಕ್ಕಳ ಒಂದು ನೋಟುಪುಸ್ತಕ, ಸೀಸದಕಡ್ಡಿ.
ಇಪ್ಪತ್ತೈದು ಪೌಂಡಿನ ಚೀಲ, ಇಪ್ಪತ್ತೊಂದು.
ಇಪ್ಪತ್ತೈದರದ್ದು, ಇಪ್ಪತ್ತೂವರೆ.
ಇಪ್ಪತ್ತೈದರದ್ದು, ಇಪ್ಪತ್ತೆರಡು; ಪಕ್ಕದಲ್ಲಿ ಸಣ್ಣಗೆ:
ಕಲ್ಲೂ ಸೇರಿ.

ಮತವಿಲ್ಲದ ಮೂವತ್ತೇಳು ಹೆಂಗಸರು ನಗರಸಭೆಗೆ ನಡೆದರು.
ಕೂಸಿನ ತಳ್ಳುಗಾಡಿಯಲ್ಲಿ
ಕಂಬಳಿ ಹೊದ್ದು ಮಲಗಿತ್ತು ತಕ್ಕಡಿ.
ಮಲಗಿದೆಯಾ ಪಾಪು, ಎಂದು
ಬಾಗಿಲು ಹಿಡಿದು ಒಳಬಿಟ್ಟ ಕಾವಲುಗಾರ.

ಅಧ್ಯಕ್ಷರು ಏನೋ ಅಂದರು, ಮನೆವಾರ್ತೆಯ ಮಾತು ಇಲ್ಲಿ ಬೇಡ, ಅಂತ.
ಅವಳಿಗೆ ಕೇಳಿಸಲಿಲ್ಲ.
ಅವರ ಕಾಗದಗಳ ಮೇಲೆಯೇ ಕಲ್ಲಿದ್ದಲು ಸುರಿದು
ತೂಗಲು ಶುರುಮಾಡಿದ್ದಳು.

ಗಿರಣಿ ಅವಳನ್ನು ಆ ವಾರವೇ ತೆಗೆದುಹಾಕಿತು.
ಎರಡು ವರ್ಷದ ಮೇಲೆ ಊರಿಗೊಬ್ಬ ತೂಕದ ಇನ್ಸ್‌ಪೆಕ್ಟರ್ ಬಂದ,
ಪೆಕಮ್‌ನ ಭಾವಮೈದ.
ಆದರೂ ತೂಗಿದನಂತೆ.
ಬೀದಿಯ ಆಚೆಬದಿ ಅವಳು ನಿಂತಿರುತ್ತಿದ್ದಳಲ್ಲ.

ಈ ಕಥೆಯನ್ನು ಶಾಲೆಮಕ್ಕಳು ಬಂದಾಗ ಹೇಳುತ್ತೇನೆ.
ಹೇಳದೆ ಬಿಡುವುದು ಒಂದಿದೆ.

ರಾಣೆಬೆನ್ನೂರಿನಲ್ಲಿ ಅಪ್ಪನದು ಕಿರಾಣಿ ಅಂಗಡಿ.
ಸಾಮಾನಿನ ತಟ್ಟೆಯಡಿಗೆ
ಗೋಲಿಯಷ್ಟು ಹುಣಸೆಹಣ್ಣು ಮೆತ್ತುತ್ತಿದ್ದ.
ಬೀಜ ತೆಗೆದು ಉಂಡೆ ಕಟ್ಟಿಕೊಡುವವಳು ನಾನು, ಒಂಬತ್ತು ವರ್ಷ.
ಬೆರಳು ನೆಕ್ಕಿದರೆ ಹುಳಿ, ರುಚಿ.
ಫಕೀರವ್ವ ಬೇಳೆಯ ಪೊಟ್ಟಣವನ್ನು
ಅಂಗೈಯಲ್ಲಿ ಎತ್ತಿ ಎತ್ತಿ ನೋಡುವಳು:
ಹಗೂರ ಐತಲ್ಲೋ ಯಪ್ಪಾ.
ಅಪ್ಪ ನಗುವನು. ಅವಳು ಹೋಗುವಳು.
ನನ್ನ ಫೀಸು, ನನ್ನ ಚಪ್ಪಲಿ,
ಈ ದೇಶಕ್ಕೆ ನನ್ನ ಮೊದಲ ಟಿಕೇಟು.

ಮುಳ್ಳು ಸರಿಮಾಡಿಸೋಣವೇ ಎಂದು ಮೇಲಿನವರು ಕೇಳಿದ್ದರು.
ಇರಲಿ ಬಿಡಿ ಎಂದೆ.
ಶುಕ್ರವಾರ, ದೀಪ ಆರಿಸುವ ಮುಂಚೆ
ಗಾಜು ಸರಿಸಿ, ತಟ್ಟೆಯೆತ್ತಿ,
ಬೆರಳಾಡಿಸಿ ಅಡಿ ನೋಡುತ್ತೇನೆ.
ಏನೂ ಇರುವುದಿಲ್ಲ.
ಗೊತ್ತಿದ್ದೂ ನೋಡುತ್ತೇನೆ.